ಟಚ್‌ಪ್ಯಾಡಿಗೆ ಹಿಡಿದ ದೆವ್ವ

ಅವನ ಲ್ಯಾಪ್‌ಟಾಪಿನ ಮೌಸ್ ಎಲ್ಲೋ ಕಾಣೆಯಾಗಿತ್ತು. ಟಚ್‌ಪ್ಯಾಡಿನಲ್ಲೇ ಕೆಲಸ ಶುರುಮಾಡಿದರೆ, ಬೆರಳು ಮುಟ್ಟದೆಯೇ ಪುಟ ಕೆಳಕ್ಕೆ ಜಾರತೊಡಗಿತು. ಜಾರುವುದು, ನಿಲ್ಲುವುದು, ಮತ್ತೆ ಜಾರುವುದು. ಟಚ್‌ಪ್ಯಾಡನ್ನು ನಡೆಸುವ ಡ್ರೈವರ್ ತಂತ್ರಾಂಶ ಯಾರು ಬೇಕಾದರೂ ತಿದ್ದಬಹುದಾದ ಓಪನ್ ಸೋರ್ಸ್ ಆಗಿದ್ದರಿಂದ ಅವನು ಅದರ ಕೋಡನ್ನೇ ತೆರೆದು ತಿದ್ದಲು ಕುಳಿತ.

"ದೋಸೆ ಆರ್ತಿದೆ, ಬನ್ರೀ," ಎಂದಳು ಹೆಂಡತಿ.

"ಇರೇ, ಟಚ್‌ಪ್ಯಾಡಿಗೆ ದೆವ್ವ ಹಿಡಿದಿದೆ. ಬಿಡಿಸಿ ಬರ್ತೀನಿ."

ಕೊನೆಗೊಮ್ಮೆ ಪುಟ ಗಕ್ಕನೆ ನಿಂತಿತು. ಅವನು ಬೀಗುತ್ತಾ, ತಾನು ತಿದ್ದಿದ ಕೋಡನ್ನು ಎಲ್ಲರೂ ಬಳಸಲೆಂದು ಇಂಟರ್‌ನೆಟ್ಟಿಗೆ ಏರಿಸಿದ. ಹೊರದೇಶದವರೂ ಶಹಬ್ಬಾಸ್ ಎಂದರು.

ಅಷ್ಟರಲ್ಲಿ ದೇವರಮನೆಯಿಂದ ಬಂದ ಅಜ್ಜಿ, ವೈರ್‌ಲೆಸ್ ಮೌಸನ್ನು ಕಣ್ಣಿಗೊತ್ತಿಕೊಂಡು ಮೇಜಿನ ಮೇಲಿಟ್ಟರು.

"ಜಪಮಾಲೆ ಹರಿದೋಗಿತ್ತು ಮಗಾ. ಇದರ ಚಕ್ರ ತಿರುಗಿಸ್ಕೊಂಡೇ ಇವತ್ತಿನ ಜಪ ಮುಗಿಸಿದೆ."