ಕೊನೆಯ ತಂಬಿಗೆ ನೀರು

ಊಟದ ಡಬ್ಬಿಯಷ್ಟೇ ಇದ್ದ ಆ ಕಂಪ್ಯೂಟರಿನ ಮುಚ್ಚಳ ಬಿಚ್ಚುತ್ತಲೇ ಮಹೆವಿಶ ಎರಡು ಸಲ ಸೀನಿದಳು. ಒಳಗೆಲ್ಲ ಬೆಳ್ಳನೆಯ ಕಲ್ಲುಪುಡಿ.

“ಇದು ಕಂಪ್ಯೂಟರ್ ಅದನೋ, ಫರಸಿ ಕಲ್ಲು ಕೊಯ್ಯೋ ಮಷೀನ್ ಅದನೋ?”

“ನಗಬ್ಯಾಡ. ಗ್ರಾಫಿಕ್ಸ್ ಕಾರ್ಡ್ ಕುಂದ್ರತದೋ ಇಲ್ಲೋ ಅಷ್ಟು ಹೇಳು” ಅಂದಳು ಕರುಣಾ.

“ಒಳಗಂತೂ ಕುಂದ್ರಲ್ಲ ಯಾರ್. ಡಬ್ಬಿಗಿಂತ ಕಾರ್ಡೇ ದೊಡ್ಡದದ. ಅದಕ್ಕ ಹೊರಗೇ ಜಾಗಾ ಮಾಡಿ, ಒಳಗಿಂದ ವೈರ್ ಎಳೀಬೇಕು.”

ಮಹೆವಿಶ ಕರುಣಾಳ ಕಾಲೇಜಿನ ಗೆಳತಿ. ವಾಡಿ ಸ್ಟೇಷನ್ ರಸ್ತೆಯಲ್ಲಿ ಅಪ್ಪನ ರಿಪೇರಿ ಅಂಗಡಿ ಈಗ ಅವಳದೇ. ಇವತ್ತು ಕಾರ್ಡು ಹಿಡಿದು ಕರುಣಾಳ ಮನೆಗೇ ಬಂದಿದ್ದಳು. ಎರಡನೆಯ ಡಿಸ್ಕಿಗೆಂದು ಖಾಲಿ ಬಿಟ್ಟಿದ್ದ ಜಾಗದಲ್ಲಿ ಬೆರಳುದ್ದದ ಅಡಾಪ್ಟರ್ ಸಿಕ್ಕಿಸಿ, ಅದರಿಂದ ಚಪ್ಪಟೆ ಕೇಬಲ್ ಹೊರತೆಗೆದಳು. ಮುಚ್ಚಳ ಕೂರಲಿಲ್ಲ, ಹಾಗೇ ಬಿಟ್ಟಳು. ಮೇಜಿನ ಮೇಲೆ ಪುಟ್ಟ ಸ್ಟ್ಯಾಂಡಿನಲ್ಲಿ, ಯಾರೋ ಗೇಮ್ ಆಡಿ ಮಾರಿದ ಎರಡು ಫ್ಯಾನಿನ ಗ್ರಾಫಿಕ್ಸ್ ಕಾರ್ಡ್ ತನ್ನದೇ ಕರೆಂಟ್ ವೈರಿನೊಂದಿಗೆ ಬಂದು ಕೂತಿತು. ಏಳು ಸಮುದ್ರದಾಚೆಯ ಗಿಣಿಯಲ್ಲಿ ಜೀವ ಬಚ್ಚಿಟ್ಟ ರಾಕ್ಷಸನ ಹಾಗೆ ಈ ಪೆಟ್ಟಿಗೆಯ ಜೀವವೂ ಮೈಯಾಚೆ ಬಂತಲ್ಲ ಅನ್ನಿಸಿತು ಕರುಣಾಳಿಗೆ. ಅವಳಿಗೆ ಹೀಗೆಲ್ಲ ಅನ್ನಿಸುವುದು ಅಪ್ಪನ ತಾಯಿ ಯಂಕಮ್ಮಾಯಿಯಿಂದ. ಆಯಿಯ ಕತೆಗಳಲ್ಲಿ ರಾಜ ಬದಲಾಗುತ್ತಿದ್ದ, ಅಡವಿ ಬದಲಾಗುತ್ತಿತ್ತು. ಆದರೆ ಕಲ್ಲಿನ ಕೆಳಗೆ ಮಲಗಿದ ರಾಜನ ಕಿರಿಮಗಳು ಮಾತ್ರ ಎಲ್ಲ ಕತೆಗೂ ಬರುತ್ತಿದ್ದಳು. “ಅಕೀ ಹೆಸರೇನು ಆಯಿ?” ಎಂದು ಕೇಳಿದರೆ, “ಇನ್ನಾ ಇಟ್ಟಿಲ್ಲವ್ವ, ಮಲಕೋ” ಅನ್ನುತ್ತಿದ್ದಳು.

ಆಯಿಯ ಕಣ್ಣಿನ ನರ ಒಣಗುತ್ತಿತ್ತು. ದೀಪಾವಳಿ ತನಕ ಕಂಡರೆ ಕಂಡಂತೆ ಎಂದಿದ್ದರು ಡಾಕ್ಟರು. ರಾವೂರಿನ ಮನೆಯಿದ್ದ ಜಾಗ ಗಣಿಗೆ ಹೋಗಿ, ಈಗ ಅಲ್ಲಿ ಮೂರಾಳು ಆಳದ ತಗ್ಗು. ಆಯಿ ಮಾತ್ರ ದಿನಾ ಅದೇ ರಾಗ: “ಒಂದ್ಸಲ ಹಿತ್ತಲದಾಗ ನಿಂತು ಬರ್ತೀನಿ, ಕರಕೊಂಡು ನಡಿ.” ಮನೆ ಬಿಡುವ ದಿನ ಕರುಣಾ ಮೊಬೈಲಿನಲ್ಲಿ ನಾನೂರ ಹನ್ನೆರಡು ಫೋಟೋ ತೆಗೆದಿದ್ದಳು. ಅವನ್ನೆಲ್ಲ ಹೆಣೆದು, ಒಳಗೆ ಅಡ್ಡಾಡಬಹುದಾದ ಮನೆಯನ್ನೇ ಪರದೆಯ ಮೇಲೆ ಕಟ್ಟಿಕೊಡುವ ಸಾಫ್ಟ್‌ವೇರ್ ಇತ್ತು. ಆದರೆ ಗ್ರಾಫಿಕ್ಸ್ ಕಾರ್ಡಿಲ್ಲದ ಪುಟ್ಟ ಕಂಪ್ಯೂಟರ್ ಪ್ರತಿಸಲವೂ ಅರ್ಧ ಗೋಡೆ ಎಬ್ಬಿಸಿ ಕುಸಿದುಬಿಡುತ್ತಿತ್ತು.

ಸ್ವಿಚ್ ಒತ್ತಿದರು. ಪರದೆ ಕಪ್ಪಗೇ ಉಳಿಯಿತು. ಕರುಣಾ ವೈರುಗಳನ್ನು ಒಂದೊಂದಾಗಿ ಮತ್ತೆ ಒತ್ತಿ ನೋಡಿದಳು.

“ಅಂಜಬ್ಯಾಡ. ಮೊದಲ ಕಾರ್ಡಿಗಿ ಎಬ್ಬಸಬೇಕು, ಆಮ್ಯಾಲ ಡಬ್ಬಿಗಿ. ನಾನೇ ಉಲ್ಟಾ ಮಾಡೀನಿ” ಎಂದು ಮಹೆವಿಶ ಮತ್ತೆ ಒತ್ತಿದಳು. ಎರಡೂ ಫ್ಯಾನು ಗುಂಯ್ ಎಂದವು.

ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಎದ್ದು ನಿಂತಿತ್ತು. ಆಯಿಯನ್ನು ಪರದೆಯ ಹತ್ತಿರಕ್ಕೆ ಕುರ್ಚಿ ಎಳೆದು ಕೂರಿಸಿದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಮೂಗು ತಾಗುವಷ್ಟು ಬಾಗಿದಳು.

“ಅಯ್ಯ ನನ್ನವ್ವ! ನಮ್ಮ ತಲಬಾಗಲ!”

“ಚಪ್ಪಲಿ ಬಿಟ್ಟು ಒಳಗ ಬರ್ರಿ ಆಯಿ” ಎಂದು ಮಹೆವಿಶ ನಕ್ಕಳು. ಆಯಿ ನಿಜಕ್ಕೂ ಕಾಲು ಸರಿಸಿ ಚಪ್ಪಲಿ ಬಿಟ್ಟಳು.

ಕರುಣಾ ಮೌಸ್ ಸರಿಸಿದಂತೆ ಪರದೆಯ ನೋಟ ಹೊಸ್ತಿಲು ದಾಟಿತು. ದೀಪದ ಮಸಿ ಹಿಡಿದ ಗೂಡು, ಆಯಿ ಬೆನ್ನು ಕೊಟ್ಟೂ ಕೊಟ್ಟೂ ನುಣುಪಾದ ಕಂಬ, ಬೀಸುಕಲ್ಲು. ಒಂದೊಂದಕ್ಕೂ ಆಯಿ “ಹೂಂ… ಹೂಂ…” ಅನ್ನುತ್ತಿದ್ದಳು. ಆದರೆ ಎಲ್ಲೂ ನಿಲ್ಲಗೊಡಲಿಲ್ಲ. “ಮುಂದ ನಡಿ. ಹಿತ್ತಲ ಕಡಿ. ಬಚ್ಚಲಕ್ಕ.”

ಹಿತ್ತಲ ಬಾಗಿಲ ಆಚೆ ಗೋಡೆ ಹರಿದಂತೆ ನಿಂತಿತು. ಬಚ್ಚಲು ಇರಬೇಕಾದಲ್ಲಿ ಕಪ್ಪನೆಯ ತೂತು.

“ಇಲ್ಲಿ ಕತ್ತಲ್ಯಾಕ ಅದ? ನನ್ನ ಕಣ್ಣು ಹೋತೇನು?”

“ಇಲ್ಲ ಆಯಿ… ಅಲ್ಲಿ ನಾ ಫೋಟೋ ತೆಗೆದಿಲ್ಲ. ಬಚ್ಚಲದಾಗ ಏನ್ ಛಂದ ಇತ್ತು ಅಂತ ತೆಗೀಲಿ?” ಕರುಣಾ ಗೆಳತಿಯ ಮುಖ ನೋಡಿದಳು. “ಇಷ್ಟು ದೊಡ್ಡ ಕಾರ್ಡ್ ಹಚ್ಚೀವಲ್ಲ, ಅದೊಂದು ಮೂಲಿ ತುಂಬಲ್ಲೇನು?”

“ನೀ ಕೊಟ್ಟಿದ್ದಷ್ಟೇ ಕಟ್ಟತದ ಅದು. ಕೊಡದಿದ್ದದ್ದು ಎಲ್ಲಿಂದ ತರಬೇಕು?” ಮಹೆವಿಶ ಮೆಲ್ಲಗೆ ಹೇಳಿದಳು.

ಆಯಿ ಆ ಕಪ್ಪಿನ ಕಡೆಗೆ ಇನ್ನಷ್ಟು ಬಾಗಿದಳು.

“ಅಲ್ಲೊಂದು ಕಲ್ಲಿತ್ತು. ನೆನಪದೇನು?”

“ಹೂಂ. ಜಳಕ ಮುಗಿದ ಮ್ಯಾಲ ಕಡೀಕೊಂದು ತಂಬಿಗಿ ಅದರ ಮ್ಯಾಲ ಸುರೀತಿದ್ದಿ. ಕಲ್ಲು ತೊಳೀಲಿಕ್ಕಲ್ಲಾ?”

“ತೊಳೀಲಿಕ್ಕ…” ಆಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ನಿಮ್ಮಪ್ಪಗಿಂತ ಮೊದಲ ಒಂದು ಹೆಣ್ಣಾಗಿತ್ತು ನನಗ. ಒಂಬತ್ತು ದಿನ ಇತ್ತು. ಹೆಸರಿನ್ನಾ ಇಟ್ಟಿದ್ದಿಲ್ಲ. ಅಷ್ಟು ಸಣ್ಣ ಕೂಸಿಗಿ ನಮ್ಮ ಮನ್ಯಾಗ ದೂರ ಒಯ್ಯತಿದ್ದಿಲ್ಲ. ತಾಯಿ ಜಳಕದ ನೀರರ ತಾಗಲಿ ಅಂತ ಬಚ್ಚಲ ಬಾಜೂಕ ಹುಗದು ಮ್ಯಾಲ ಕಲ್ಲು ಇಡತಿದ್ರು.”

ಕರುಣಾ ಮೌಸ್ ಬಿಟ್ಟು ಆಯಿಯ ಕಡೆ ತಿರುಗಿದಳು. ಮಹೆವಿಶ ತಲೆಯ ಮೇಲೆ ದುಪಟ್ಟಾ ಎಳೆದುಕೊಂಡಳು. ಕಾರ್ಡಿನ ಫ್ಯಾನುಗಳು ತಿರುಗುತ್ತಲೇ ಇದ್ದವು.

“ಹೋಗು, ಒಂದು ತಂಬಿಗಿ ನೀರು ತಾ” ಅಂದಳು ಆಯಿ.

ಮಹೆವಿಶ ಗಾಬರಿಯಿಂದ ತೆರೆದ ಪೆಟ್ಟಿಗೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು. ಕರುಣಾ ಒಳಗೆ ಹೋಗಿ ಕೊಡದಿಂದ ತಂಬಿಗೆ ತುಂಬಿ ತಂದಳು. ಆಯಿ ಅದರಲ್ಲಿ ಮೂರು ಬೆರಳು ಅದ್ದಿದಳು. ಪರದೆಯ ಕಪ್ಪಿನವರೆಗೂ ಒಯ್ದ ಕೈಯನ್ನು ತಟ್ಟನೆ ಹಿಂದಕ್ಕೆ ಎಳೆದುಕೊಂಡಳು.

“ತಣ್ಣೀರು ತಂದೀಯಲ್ಲೇ ಹುಚ್ಚಿ. ಕಾಸಿಕೊಂಡು ಬಾ… ಅಕೀಗಿ ಥಂಡಿ ಹತ್ತತದ.”