ಅತ್ತೆಯ ಸಾಕ್ಷಿ

"ಬರ್ದಿದ್ದು ನಾನೇರೀ ಮೇಡಂ. ಅಕ್ಷರ ಮಾತ್ರ ನಂದಲ್ಲ."

ಸರ್ವಮಂಗಳ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು, ಬಿಸಿ ಪಾತ್ರೆ ಮುಟ್ಟಿದವಳಂತೆ ಕೈ ಎಳೆದುಕೊಂಡಳು. ಸೊರಬದಿಂದ ಶಿಕಾರಿಪುರದ ಆಪ್ತಸಮಾಲೋಚಕಿ ಶೃತಿಯ ಬಳಿಗೆ ಅವಳು ಬಂದದ್ದು ಇದು ನಾಲ್ಕನೇ ಸಲ. ಸಾಯುವ ಮುಂಚಿನ ಮೂರು ದಿನ ಅತ್ತೆಗೆ ಬಿ.ಪಿ. ಮಾತ್ರೆ ಕೊಟ್ಟೆನೋ ಮರೆತೆನೋ ಎಂಬುದು ಅವಳಿಗೆ ನೆನಪಿಲ್ಲ. ಎಣಿಸಿ ನೋಡೋಣವೆಂದರೆ ಉಳಿದ ಮಾತ್ರೆಗಳನ್ನು ಮನೆಯವರು ಸತ್ತ ದಿನವೇ ಎಸೆದಿದ್ದರು. 'ಅತ್ತೆಯನ್ನು ಕೊಂದವಳು ನಾನೇ' ಎಂಬ ಯೋಚನೆ ಹಿಡಿದ ಮೇಲೆ ಮಗಳಿಗೆ ಜ್ವರದ ಔಷಧಿ ಕುಡಿಸಲೂ ಅವಳ ಕೈ ಏಳುತ್ತಿರಲಿಲ್ಲ.

ಶೃತಿ ಯೋಗವನ್ನೂ ಕಲಿಸುತ್ತಾಳೆ. ಸಿಬಿಟಿ ಎಂಬ ಮನೋಚಿಕಿತ್ಸೆಯವರು ಕಾಡುವ ಯೋಚನೆಯನ್ನು ಬರೆಸಿ, ಅದಕ್ಕೆ ಪರ ಸಾಕ್ಷಿ ಏನು, ವಿರುದ್ಧ ಸಾಕ್ಷಿ ಏನು ಎಂದು ಕೇಳುತ್ತಾರೆ. ಯೋಗದವರು ಸ್ವಾಧ್ಯಾಯವೆಂದು ತಮ್ಮನ್ನು ತಾವೇ ಓದಿಕೊಳ್ಳುತ್ತಾರೆ. ಎರಡೂ ಒಂದೇ ಎಂಬುದು ಅವಳ ನಂಬಿಕೆ. ಎರಡು ದೋಣಿಯಲ್ಲಿ ಕಾಲಿಟ್ಟೂ ಈವರೆಗೆ ಮುಳುಗಿರಲಿಲ್ಲ, ಪುಣ್ಯಾತ್ಗಿತ್ತಿ. "ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಕೊಂಡು ದೃಷ್ಟಿ ನಿಲ್ಲಿಸ್ತೀರಲ್ಲ, ಪೂಜೆ ಮುಗಿದ ಕೂಡ್ಲೇ ಬರೀರಿ. ಯೋಚ್ನೆ ಮಾಡ್ಬೇಡಿ, ಕೈ ಹೋದಂಗೆ ಬಿಡಿ" ಎಂದು ಕಳೆದ ವಾರ ಹೇಳಿ ಕಳಿಸಿದ್ದಳು.

ಮೂರು ವಾರ ಖಾಲಿಯಿದ್ದ 'ವಿರುದ್ಧ ಸಾಕ್ಷಿ'ಯ ಜಾಗದಲ್ಲಿ ಈಗ ನಡುಗುವ ದಪ್ಪ ಅಕ್ಷರಗಳಿದ್ದವು. 'ಮೂರು ದಿನವೂ ಕೊಟ್ಟಳು. ನುಂಗದವಳು ನಾನು. ವಿಭೂತಿ ಡಬ್ಬಿ ನೋಡಿರಿ.'

"ಅತ್ತೆ ಜಾಗದಲ್ಲಿ ನಿಂತು ಬರ್ದಿದೀರಿ, ಒಳ್ಳೇದೇ" ಎಂದಳು ಶೃತಿ. "ಡಬ್ಬಿ ನೋಡಿದ್ರಾ?"

"ಧೈರ್ಯ ಬರ್ಲಿಲ್ಲ. ಅದ್ರಾಗೆ ಮಾತ್ರೆ ಇಲ್ದಿದ್ರೆ ನಾನೇ ಕೊಂದಂಗಾತು. ನೀವೇ ತೆಗೀರಿ." ಸರ್ವಮಂಗಳ ಚೀಲದಿಂದ ಅತ್ತೆಯ ಹಿತ್ತಾಳೆ ಡಬ್ಬಿಯನ್ನು ತೆಗೆದಿಟ್ಟಳು.

ಶೃತಿ ಮುಚ್ಚಳ ತೆಗೆದು ವಿಭೂತಿಯೊಳಗೆ ಬೆರಳಾಡಿಸಿದಳು. ಮೂರು ಮಾತ್ರೆಗಳು ಸಿಕ್ಕವು. ಸರ್ವಮಂಗಳ ಸೆರಗು ಬಾಯಿಗಿಟ್ಟು ತುಂಬಾ ಹೊತ್ತು ಅತ್ತಳು. ಇವಳೇ ಎಂದೋ ನೋಡಿ ಮರೆತಿರಬೇಕು, ಮನಸ್ಸು ಹೀಗೆ ಬಚ್ಚಿಡುವುದುಂಟು ಎಂದು ಶೃತಿ ತನಗೆ ತಾನೇ ಹೇಳಿಕೊಂಡಳು. ಭಯ ಮಾತ್ರ ಹೋಗಲಿಲ್ಲ.

"ನಾನೇ ಕೊಂದೆ ಅನ್ನೋದನ್ನ ಈಗ ಎಷ್ಟು ನಂಬ್ತೀರಿ?"

"ಒಂಚೂರೂ ಇಲ್ಲ." ಸರ್ವಮಂಗಳ ಕಣ್ಣೊರೆಸಿಕೊಂಡು ಎದ್ದಳು. ಮುಖ ಹಗುರವಾಗಿತ್ತು. ಬಾಗಿಲ ಬಳಿ ನಿಂತು, ತಾನು ಕೂತಿದ್ದ ಕುರ್ಚಿಯ ಪಕ್ಕದ ಖಾಲಿ ಕುರ್ಚಿಯತ್ತ ನೋಡಿದಳು.

"ಮಾತ್ರೆ ಯಾಕೆ ನುಂಗ್ಲಿಲ್ಲ ಅನ್ನೋದನ್ನ ಅತ್ತೆ ನಿಮ್ಮೊಬ್ರಿಗೇ ಹೇಳ್ತಾರಂತೆ ಮೇಡಂ. ಅವ್ರು ಕೂತಿರ್ಲಿ. ನಂಗೆ ಬಸ್ಸಿನ ಹೊತ್ತಾತು."