ರೋಬೋಟಿಗಾಗಿ ಮಾರಿದ ಅಂಗಡಿ

ಅಪರಿಚಿತನೊಬ್ಬ ಅಳತೆಯ ಟೇಪು ಹಿಡಿದು ಅಂಗಡಿಯ ಗೋಡೆ ಅಳೆಯುತ್ತಿದ್ದಾಗಲೇ ಸಾಬಿರಾಗೆ ಗೊತ್ತಾದದ್ದು, ಗಂಡ ಅಂಗಡಿ ಮಾರಿಬಿಟ್ಟಿದ್ದಾನೆಂದು.

ಶಿವಾಜಿನಗರದ ಆ ಕಿರಿದಾದ ಅಂಗಡಿಯಲ್ಲಿ ಗುಂಡಿ, ಜರಿ, ಲೇಸು ಮಾರಿಯೇ ಅವರಿಬ್ಬರೂ ಮಗಳನ್ನು ಸರ್ಜನ್ ಮಾಡಿದ್ದರು. ಹೆರಿಗೆಯಾಗಿ ನಲವತ್ತು ದಿನ ಕಳೆದ ಮರುದಿನವೇ ಸಾಬಿರಾ ಕೂಸನ್ನು ಲೇಸಿನ ಡಬ್ಬಗಳ ನಡುವೆ ಮಲಗಿಸಿ ಗಲ್ಲಾದಲ್ಲಿ ಕೂತಿದ್ದಳು. ಅಂಥ ಅಂಗಡಿ ಮಾರುವ ಮುನ್ನ ಅನೀಸ್ ಅವಳಿಗೆ ಒಂದು ಮಾತೂ ಹೇಳಿರಲಿಲ್ಲ.

"ಎಲ್ಲಿ ಹೋಯ್ತು ರೀ ದುಡ್ಡು?"

"ಒಂದು ಕಂಪನಿಗೆ ಹಾಕಿದೆ. ಆಪರೇಷನ್ ಮಾಡೋ ರೋಬೋಟ್ ಮಾಡ್ತಾರೆ. ಇಂದಿರಾನಗರದಲ್ಲಿದೆ."

ಸಾಬಿರಾ ನಗಬೇಕೋ ಅಳಬೇಕೋ ತಿಳಿಯದೆ ನಿಂತಳು. ಇಷ್ಟು ವರ್ಷದಲ್ಲಿ ಒಬ್ಬರಿಂದಲೂ ಸಾಲ ಪಡೆಯದ, ಚೀಟಿ ಹಾಕದ, ಲಿಫ್ಟ್ ಹತ್ತಲೂ ಹೆದರುವ ಮನುಷ್ಯ ಇವನು.

"ಯಾರು ನಿಮ್ಮ ತಲೆ ಕೆಡಿಸಿದ್ದು?"

"ಯಾರೂ ಇಲ್ಲ. ನಾನೇ ಹುಡುಕ್ಕೊಂಡು ಹೋದೆ," ಎಂದ ಅನೀಸ್.

ಸಾಬಿರಾ ಮಗಳಿಗೆ ಫೋನ್ ಮಾಡಿದಳು. ಲಿಂಗರಾಜಪುರದಲ್ಲಿ ಒಬ್ಬಳೇ ಮನೆ ಮಾಡಿಕೊಂಡಿದ್ದ ನೌರೀನ್ ಭಾನುವಾರ ಬಂದಳು. ಮುಖ ಬಾಡಿತ್ತು. ದುಪಟ್ಟಾದೊಳಗೆ ಕೈ ಸುತ್ತಿಕೊಂಡು ಕುರ್ಚಿಯಲ್ಲಿ ಮುದುಡಿ ಕೂತಳು. ಖುಷ್ಕಾ, ದಾಲ್ಚಾ ಬಡಿಸಿದರೆ ತಟ್ಟೆ ಮುಟ್ಟಲಿಲ್ಲ.

"ಅಮ್ಮೀ, ಇವತ್ತು ನೀನೇ ತಿನ್ನಿಸು."

ಮೂವತ್ತು ದಾಟಿದ ಮಗಳ ಈ ಮುದ್ದಿಗೆ ಸಾಬಿರಾಳ ಸಿಟ್ಟು ಅರ್ಧ ಇಳಿಯಿತು. ತುತ್ತು ಕಲಸಿ ಕೊಡುತ್ತಲೇ ಕೇಳಿದಳು: "ನೀನು ಡಾಕ್ಟರು. ಅಬ್ಬಾಗೆ ಬುದ್ಧಿ ಹೇಳು. ಆ ಮಷೀನು ಮೋಸ ತಾನೇ?"

"ಮೋಸ ಅಲ್ಲ ಅಮ್ಮೀ. ಆದ್ರೆ ಅಂಗಡಿ ಮಾರೋದು ಬೇಡ ಅಂತ ನಾನೂ ಹೇಳಿದೆ. ಕೇಳಲಿಲ್ಲ."

"ಅಂದ್ರೆ ನಿನಗೆ ಮೊದಲೇ ಗೊತ್ತಿತ್ತಾ?"

ನೌರೀನ್ ತಲೆ ತಗ್ಗಿಸಿದಳು. ತಾಯಿ ಮಗಳಿಗೆ ಉಣಿಸುವುದನ್ನು ನೋಡಲಾರದವನಂತೆ ಅನೀಸ್ ಎದ್ದು ಕಿಟಕಿಯ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತ. ಮಾಡಿದ ತಪ್ಪು ಈಗ ಕಾಡುತ್ತಿದೆ ಎಂದುಕೊಂಡಳು ಸಾಬಿರಾ.

"ಅದು ಯಾವತ್ತು ತಯಾರಾಗತ್ತೋ, ಆಗತ್ತೋ ಇಲ್ಲವೋ, ಯಾರಿಗೆ ಗೊತ್ತು ಅಬ್ಬಾ?" ಎಂದಳು ನೌರೀನ್.

"ಅದು ನನ್ನ ಚಿಂತೆ," ಎಂದ ಅನೀಸ್, ತಿರುಗದೆಯೇ. "ನೀನು ಊಟ ಮಾಡು ಬೇಟಾ."

ಮರುವಾರ ಪಕ್ಕದ ಮನೆಯ ಶರ್ಫುನ್ನೀಸಾ ದನಿ ತಗ್ಗಿಸಿ ಸಾಬಿರಾಳನ್ನು ಕೇಳಿದಳು: "ನಿಮ್ಮವರಿಗೆ ಹುಷಾರಿಲ್ವಾ ಆಪಾ? ಫ್ರೇಜರ್ ಟೌನಿನಲ್ಲಿ ನರಗಳ ಡಾಕ್ಟರ ಕ್ಲಿನಿಕ್ಕಿನ ಹೊರಗಡೆ ಕೂತಿದ್ರು. ನಾನು ಮಾತಾಡಿಸಿದ್ರೆ ಮುಖ ತಿರುಗಿಸಿಕೊಂಡ್ರು."

ಆಗ ಎಲ್ಲವೂ ತಾಳೆಯಾಯಿತು. ಗಂಡನ ತಲೆಯೊಳಗೇನೋ ಬೆಳೆದಿದೆ. ಮನುಷ್ಯರ ಕೈಯಲ್ಲಾಗದ ಆಪರೇಷನ್. ಅದಕ್ಕೇ ಆ ಯಂತ್ರದ ಬೆನ್ನು ಹತ್ತಿದ್ದಾನೆ. ಅದಕ್ಕೇ ಡಾಕ್ಟರ್ ಮಗಳಿಗೆ ಗೊತ್ತು. ತನಗೆ ಮಾತ್ರ ಹೇಳುವವರಿಲ್ಲ.

ಆ ಸಂಜೆ ಚಹಾ ಕೊಡುತ್ತ ನೇರವಾಗಿ ಕೇಳಿಯೇಬಿಟ್ಟಳು. "ನಿಮಗೇನಾಗಿದೆ? ನನ್ನಾಣೆ, ನಿಜ ಹೇಳಿ."

ಅನೀಸ್ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ನನಗೇನೂ ಆಗಿಲ್ಲ ಸಾಬಿರಾ. ಆಗಿದ್ರೆ ಎಷ್ಟೋ ಚೆನ್ನಾಗಿತ್ತು."

ಸುಳ್ಳು ಹೇಳುವಾಗ ಅವನು ಕಣ್ಣು ತಪ್ಪಿಸುತ್ತಾನೆಂದು ಅವಳಿಗೆ ಗೊತ್ತು. ಈಗ ತಪ್ಪಿಸಲಿಲ್ಲ. ಸಾಯುವವರು ಹೀಗೇ ಮಾತಾಡುತ್ತಾರೇನೋ ಎನಿಸಿತು ಅವಳಿಗೆ.

ಶುಕ್ರವಾರ ನಮಾಜು ಮುಗಿಸಿದವನು ಮನೆಗೆ ಬರಲಿಲ್ಲ. ಸಾಬಿರಾ ಬುರ್ಖಾ ಹಾಕಿಕೊಂಡು ಆಟೋ ಹತ್ತಿದಳು. ಹಲಸೂರು ಕೆರೆ ದಾಟುವವರೆಗೂ ದುವಾ ಓದುತ್ತಲೇ ಇದ್ದಳು. ಇಂದಿರಾನಗರದಲ್ಲಿ ಕೇಳುತ್ತ ಕೇಳುತ್ತ ಕಂಪನಿ ಸಿಕ್ಕಿತು: ಒಂದು ಹಳೆಯ ಬಂಗಲೆಯ ಮೇಲ್ಮಹಡಿ. ಅದನ್ನು ನಡೆಸುತ್ತಿದ್ದ ಶರ್ವಾಣಿ ಎಂಬ ಹುಡುಗಿ ನೌರೀನ್‌ಗಿಂತಲೂ ಚಿಕ್ಕವಳು.

"ದುಡ್ಡು ವಾಪಸ್ ಕೇಳೋಕೆ ಬಂದಿಲ್ಲಮ್ಮ," ಎಂದಳು ಸಾಬಿರಾ. "ಅಂಗಡಿ ಹೋದ್ರೆ ಹೋಗ್ಲಿ. ಆ ಮಷೀನಿಗೆ ಮೊದಲು ನನ್ನ ಗಂಡನನ್ನ ಮಾತ್ರ ಒಡ್ಡಬೇಡಿ. ಬೇರೆ ಯಾವುದಾದ್ರೂ ದಾರಿ ಹೇಳಿ."

ಶರ್ವಾಣಿ ಗಾಬರಿಯಾಗಿ ಅವಳನ್ನು ಕುರ್ಚಿಯಲ್ಲಿ ಕೂರಿಸಿದಳು. "ಯಾರಮ್ಮ ಹೀಗೆ ಹೇಳಿದ್ದು? ಅನೀಸ್ ಸಾಹೇಬರಿಗೆ ಯಾವ ಕಾಯಿಲೆನೂ ಇಲ್ಲ. ನಮ್ಮ ಮಷೀನು ಇನ್ನೂ ಪೇಷೆಂಟುಗಳ ಹತ್ರ ಹೋಗೇ ಇಲ್ಲ."

"ಮತ್ತೆ ಯಾಕೆ ಹಾಕಿದ್ರು ಅಷ್ಟೂ ದುಡ್ಡು? ಲಾಭಕ್ಕಾ?"

"ಲಾಭದ ಮಾತೇ ಎತ್ತಲಿಲ್ಲ ಅವರು. ಒಂದೇ ಒಂದು ಶರತ್ತು ಹಾಕಿದ್ರು." ಹುಡುಗಿ ತಡವರಿಸಿದಳು. "ನಾನು ಹೇಳೋ ಹಾಗಿಲ್ಲಮ್ಮ. ಅವರು ಇಲ್ಲೇ ಇದ್ದಾರೆ, ನೀವೇ ಕೇಳಿ."

ಓಣಿಯಂಥ ಕಾರಿಡಾರಿನ ಕೊನೆಯಲ್ಲಿ, ಗಾಜಿನ ಬಾಗಿಲಿನ ಮುಂದೆ ಅನೀಸ್ ಬೆಂಚಿನ ಮೇಲೆ ಕೂತಿದ್ದ. ಹೆಂಡತಿಯನ್ನು ಕಂಡವನೇ ದಡಬಡಿಸಿ ಎದ್ದು ಬಾಗಿಲಿಗೆ ಅಡ್ಡ ನಿಂತ. ಕಣ್ಣು ಕೆಂಪಾಗಿದ್ದವು.

"ನೋಡ್ಬೇಡ ಸಾಬಿರಾ. ನಿನಗೆ ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

ಅವಳು ಅವನನ್ನು ಪಕ್ಕಕ್ಕೆ ಸರಿಸಿದಳು.

ಒಳಗೆ ಯಂತ್ರದ ಹಿಡಿಗಳಲ್ಲಿ ಬೆರಳು ತೂರಿಸಿ ಕೂತಿದ್ದವಳು ನೌರೀನ್. ಅವಳ ಎರಡೂ ಕೈಗಳು ತಡೆಯಿಲ್ಲದೆ ನಡುಗುತ್ತಿದ್ದವು, ಆದರೆ ಆಚೆ ಮೇಜಿನ ಮೇಲೆ ಅವಳು ನಡೆಸುತ್ತಿದ್ದ ಉಕ್ಕಿನ ತೋಳು ಕೂದಲೆಳೆಯಷ್ಟೂ ಅಲುಗದೆ ಹೊಲಿಗೆ ಹಾಕುತ್ತಿತ್ತು.